ಕಂದದ ಲೋಹ, ಕಂದಿದ ಉಂಗುರ

ನಿಶ್ಚಿತಾರ್ಥದ ಉಂಗುರಕ್ಕೆ ಚಿನ್ನವನ್ನು ಬಿಟ್ಟು ಪ್ಲಾಟಿನಂ ಆರಿಸಿಕೊಳ್ಳುವವರು ಅದಕ್ಕೆ ಕೊಡುವ ಮುಖ್ಯ ಕಾರಣ, ಈ ಲೋಹದ ಬಿಳುಪು ಎಂದಿಗೂ ಮಾಸತಕ್ಕದ್ದಲ್ಲವೆಂಬುದು. ಆದುದರಿಂದಲೇ, ವಿವಾಹವಾಗಿ ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಉಂಗುರವು ಬೂದುಬಣ್ಣಕ್ಕೆ ತಿರುಗಿದರೆ, ಅದರ ಒಂದು ಪಾರ್ಶ್ವದಲ್ಲಿ ಹಳದಿಯ ಗೆರೆಯೊಂದು ತಲೆದೋರಿದರೆ, ನಡುವಣ ವಜ್ರವು ಮಂಕಾಗಿ ಕಂಡರೆ, ಮನೆಯವರಿಗೆ ಮೊದಲು ಹುಟ್ಟುವ ಸಂದೇಹ ಅಂಗಡಿಯವನು ಮೋಸಮಾಡಿದನೆಂಬುದೇ. ಸಂದೇಹವು ಕೆಲವೊಮ್ಮೆ ನಿಜವೂ ಆದೀತು. ಆದರೆ ಬಣ್ಣಗೆಟ್ಟ ಇಂತಹ ಉಂಗುರವನ್ನು ಭೂತಗನ್ನಡಿಯ ಕೆಳಗಿಟ್ಟು ಸಾವಧಾನವಾಗಿ ಪರೀಕ್ಷಿಸಿದರೆ, ಸಾಮಾನ್ಯವಾಗಿ ಪ್ಲಾಟಿನಂ ನಿರಪರಾಧಿಯೆಂದೇ ತೋರಿಬರುತ್ತದೆ. ಅಪರಾಧಿಯು ಅದರ ಮೇಲ್ಮೈಯಲ್ಲೋ, ಅದರೊಡನೆ ಕೂಡಿಕೊಂಡ ಮತ್ತೊಂದು ಲೋಹದಲ್ಲೋ, ವಜ್ರದ ಬೆನ್ನಿನಲ್ಲೋ ಅಡಗಿಕೊಂಡಿರುತ್ತದೆ.

ಪರಮಾಣು ಸಂಖ್ಯೆ 78 ಆಗಿರುವ ಈ ಧಾತುವಿನ ಔದಾಸೀನ್ಯ ಪ್ರಸಿದ್ಧವಾದುದು. ಬೆಳ್ಳಿಯ ಪಾತ್ರೆಗಳನ್ನು ಕರ್ರಗಾಗಿಸುವ ಗಂಧಕದ ಅನಿಲಗಳು ಇದರ ಬಿಳುಪನ್ನು ಕೆಡಿಸಲಾರವು. ಗಾಳಿಯ ಆಮ್ಲಜನಕದಿಂದ ಇದಕ್ಕೆ ಕಿಲುಬು ಹಿಡಿಯದು. ನೈಟ್ರಿಕ್ ಆಮ್ಲವಾಗಲಿ ಹೈಡ್ರೋಕ್ಲೋರಿಕ್ ಆಮ್ಲವಾಗಲಿ ಒಂಟಿಯಾಗಿ ಬಂದರೆ ಇದನ್ನು ಕರಗಿಸಲಾರದು, ಎರಡೂ ಕೂಡಿ ಬಂದಾಗ ಮಾತ್ರ ಇದು ಮಣಿಯುತ್ತದೆ. 1768 ಡಿಗ್ರಿ ಸೆಲ್ಸಿಯಸ್ ಉಷ್ಣತೆಯವರೆಗೆ ಕರಗದೆ ನಿಲ್ಲುವ ಈ ಲೋಹವನ್ನು ರಸಾಯನಶಾಸ್ತ್ರಜ್ಞರು ತಮ್ಮ ಮೂಸೆಗಳಿಗೆ ಆರಿಸಿಕೊಂಡದ್ದು ಇದೇ ಗುಣಗಳಿಗಾಗಿ. ಇಷ್ಟೊಂದು ನಿರ್ಲಿಪ್ತವಾದ ವಸ್ತು ಸ್ನಾನದ ನೀರಿಗೂ ಬೆರಳಿನ ಬೆವರಿಗೂ ಬಣ್ಣ ಬದಲಿಸಿತೆಂದು ನಂಬುವುದು ಕಷ್ಟ.

ಹಾಗಾದರೆ ಆ ಬೂದುಬಣ್ಣ ಎಲ್ಲಿಯದು? ಲೋಹದ ಹೊಳಪು ಅದರ ಒಡಲಿನ ಗುಣ ಮಾತ್ರವಲ್ಲ, ಮೇಲ್ಮೈಯ ಗುಣವೂ ಹೌದು. ಒಪ್ಪವಿಟ್ಟ ಹೊಸ ಉಂಗುರವು ತನ್ನ ಮೇಲೆ ಬಿದ್ದ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ಅದೇ ಉಂಗುರ ಬಾಗಿಲ ಹಿಡಿಕೆಗೆ, ಪಾತ್ರೆಯ ಅಂಚಿಗೆ, ಬಸ್ಸಿನ ಕಂಬಿಗೆ ದಿನಂಪ್ರತಿ ತಾಗಿ ತಾಗಿ ಸಾವಿರಾರು ಸೂಕ್ಷ್ಮ ಗೀರುಗಳನ್ನು ಪಡೆದಾಗ, ಬೆಳಕು ದಿಕ್ಕುದಿಕ್ಕಿಗೆ ಚೆದರಿ, ಕನ್ನಡಿಯ ಬಿಳುಪು ಹೋಗಿ ಮಂಜಿನಂತಹ ಬೂದುಛಾಯೆ ಉಳಿಯುತ್ತದೆ. ಪ್ಲಾಟಿನಂ ಮೃದುವಾದ ಲೋಹ, ಜೊತೆಗೆ ಜಿಗುಟಾದುದು. ಚಿನ್ನದ ಆಭರಣ ತಿಕ್ಕಾಟಕ್ಕೆ ಸಿಕ್ಕಿದಾಗ ಅದರ ಕಣಗಳು ಸುಲಭವಾಗಿ ಸವೆದು ಕಳೆದುಹೋಗುತ್ತವೆ. ಪ್ಲಾಟಿನಮಿನಲ್ಲಾದರೋ, ಗೀರಿದ ಜಾಗದ ಲೋಹವು ಬಹುತೇಕ ಕಳೆದುಹೋಗದೆ ಪಕ್ಕಕ್ಕೆ ಸರಿದು, ಗೀರಿನ ಎರಡೂ ದಡಗಳಲ್ಲಿ ಸಣ್ಣ ದಿಣ್ಣೆಯಾಗಿ ನಿಲ್ಲುತ್ತದೆ. ಮಾಸಿದಂತೆ ಕಾಣುವ ಉಂಗುರವು ತೂಕದಲ್ಲಿ ಅಷ್ಟಾಗಿ ಬಡವಾಗಿರುವುದಿಲ್ಲ. ಈ ಮಾಸಲು ಕಾಂತಿಯನ್ನೇ ಮೆಚ್ಚಿ ಹಾಗೆಯೇ ಉಳಿಸಿಕೊಳ್ಳುವವರುಂಟು. ನನಗೂ ಅದು ಅಂಗಡಿಯ ಮೆರುಗಿಗಿಂತ ಗಂಭೀರವಾಗಿಯೇ ಕಾಣುತ್ತದೆ.

ಮೇಲ್ಮೈಯ ಈ ಮಹಿಮೆಯನ್ನು ಅದರ ತುದಿಮುಟ್ಟ ನೋಡಬೇಕೆಂದರೆ ಪ್ರಯೋಗಶಾಲೆಗೆ ಹೋಗಬೇಕು. ಪ್ಲಾಟಿನಮಿನ ಲವಣದ ದ್ರಾವಣದಿಂದ ಲೋಹವನ್ನು ಅತಿಸೂಕ್ಷ್ಮವಾದ ಪುಡಿಯಾಗಿ ಬೇರ್ಪಡಿಸಿದರೆ, ದೊರೆಯುವುದು ಕಾಡಿಗೆಯಷ್ಟು ಕಪ್ಪಾದ ಪದಾರ್ಥ. ಅದರಲ್ಲಿ ಕಲ್ಮಷವಿಲ್ಲ, ಕಿಲುಬಿಲ್ಲ. ಬೆಳ್ಳಗೆ ಥಳಥಳಿಸುವ ಲೋಹವೇ ಅದು. ಕಣಗಳ ನಡುವಣ ಸಂದುಗಳಲ್ಲಿ ಹೊಕ್ಕ ಬೆಳಕು ಹಿಂತಿರುಗಲಾರದೆ ಅಲ್ಲಿಯೇ ಹೀರಿಹೋಗುವುದರಿಂದ ನಮ್ಮ ಕಣ್ಣಿಗೆ ಕಪ್ಪಾಗಿ ತೋರುತ್ತದೆ.

ಇನ್ನು ನಿಜವಾದ ಪರಕೀಯರ ವಿಚಾರ. ಶುದ್ಧ ಪ್ಲಾಟಿನಂ ಉಂಗುರಕ್ಕೆ ತಕ್ಕಷ್ಟು ಗಟ್ಟಿಯಲ್ಲವಾದ ಕಾರಣ ಅದಕ್ಕೆ ಮತ್ತೊಂದು ಲೋಹವನ್ನು ಬೆರೆಸುವುದು ಅನಿವಾರ್ಯ. ಒಳಬದಿಯಲ್ಲಿ 950 ಎಂಬ ಅಂಕೆ ಒತ್ತಿರುವ ಉಂಗುರದಲ್ಲಿ ಸಾವಿರಕ್ಕೆ 950 ಭಾಗ ಪ್ಲಾಟಿನಂ ಇದ್ದು, ಉಳಿದ 50 ಭಾಗ ರುಥೇನಿಯಂ, ಇರಿಡಿಯಂ, ತಾಮ್ರ ಅಥವಾ ಕೋಬಾಲ್ಟ್ ಆಗಿರಬಹುದು. ಮೊದಲಿನವೆರಡು ಪ್ಲಾಟಿನಮಿನ ಕುಲದವೇ. ಕೋಬಾಲ್ಟ್ ಹಾಗಲ್ಲ. ಅಚ್ಚಿನಲ್ಲಿ ಎರಕ ಹೊಯ್ಯುವಾಗ ಸೂಕ್ಷ್ಮ ಕುಸುರಿಯ ಮೂಲೆಮೂಲೆಗೂ ಹರಿದು ತುಂಬುವಂತೆ ಮಾಡುವ ಗುಣವಿರುವುದರಿಂದ ಅದನ್ನು ಬಳಸುತ್ತಾರೆ. ಆದರೆ ಬೆಂಕಿ ತಗುಲಿದಾಗ ಅದರ ಆಕ್ಸೈಡು ಮೇಲೆ ಮೂಡಿ ಉಂಗುರಕ್ಕೆ ನೀಲಿ ಛಾಯೆಯನ್ನು ಕೊಡುತ್ತದೆ. ಕೊನೆಯಲ್ಲಿ ಒಪ್ಪವಿಡುವಾಗ ಅದು ಹೊರಟುಹೋಗಬೇಕು. ಕಿರಿದಾದ ಸಂದಿಯಲ್ಲಿ ಉಳಿದುಕೊಂಡರೆ ಕಲೆಯೆಂದೇ ಕಾಣುತ್ತದೆ. ಇದೇ ಮಿಶ್ರಲೋಹ ಅಯಸ್ಕಾಂತಕ್ಕೆ ಕೊಂಚ ಸ್ಪಂದಿಸುವುದರಿಂದ, ಕಬ್ಬಿಣವನ್ನು ಕೊಟ್ಟರೆಂದು ಗಿರಾಕಿಗಳು ಜಗಳಕ್ಕೆ ನಿಲ್ಲುವುದೂ ಸಹಜವೇ.

ಹಳದಿಯ ಗೆರೆಯ ಕಥೆ ಬೇರೆ. ಉಂಗುರವು ಬೆರಳಿಗೆ ಬಿಗಿಯಾದರೆ ಅಕ್ಕಸಾಲಿಗನು ಅದನ್ನು ಕತ್ತರಿಸಿ, ತುಂಡೊಂದನ್ನು ಸೇರಿಸಿ ಬೆಸೆಯುತ್ತಾನೆ. ಪ್ಲಾಟಿನಮಿಗೆ ಸಮೀಪವಾದ ಬೆಸುಗೆಲೋಹ ಕರಗಲು ಅತ್ಯಧಿಕ ಶಾಖ ಬೇಕಾಗುವುದರಿಂದ, ಬೇಗನೆ ಕರಗುವ, ಚಿನ್ನ ಬೆಳ್ಳಿಗಳ ಪಾಲು ಹೆಚ್ಚಾಗಿರುವ ಬೆಸುಗೆಯನ್ನು ಹಾಕುವ ಪ್ರಲೋಭನೆ ಅವನಿಗುಂಟು. ಹೊಸತರಲ್ಲಿ ಎಲ್ಲವೂ ಒಂದೇ ಬಿಳುಪು. ಕಾಲಕ್ರಮದಲ್ಲಿ ಬೆಸುಗೆಯ ರೇಖೆ ಹಳದಿಯಾಗಿಯೋ ಕಪ್ಪಾಗಿಯೋ ಬೇರೆ ನಿಲ್ಲುತ್ತದೆ. ಶಾಖ ಕೊಡುವುದರಲ್ಲಿ ತಪ್ಪಿದರಂತೂ ಇನ್ನೂ ಕೇಡು: ಹೊಗೆಯಾಡುವ ಜ್ವಾಲೆಯ ಇಂಗಾಲ, ಹಳೆಯ ಉಪಕರಣಕ್ಕೆ ಅಂಟಿಕೊಂಡ ಸೀಸ, ಇವುಗಳು ಕಾದ ಪ್ಲಾಟಿನಮಿನೊಳಕ್ಕೆ ಹೊಕ್ಕು ಅದನ್ನು ಭಿದುರಗೊಳಿಸಬಲ್ಲವು. ಪ್ಲಾಟಿನಂ ಮೂಸೆಯನ್ನು ಹಳದಿ ಉರಿಯಲ್ಲಿ ಕಾಯಿಸಬಾರದೆಂದು ರಸಾಯನಶಾಸ್ತ್ರದ ಅಧ್ಯಾಪಕರು ಎಚ್ಚರಿಸುತ್ತಿದ್ದುದು ಈ ಕಾರಣದಿಂದಲೇ; ಬಲ್ಲ ಕಸುಬಿನವರು ಪ್ಲಾಟಿನಮಿಗೆಂದು ಅರ, ಇಕ್ಕಳ, ಒಪ್ಪದ ಚಕ್ರಗಳನ್ನು ಪ್ರತ್ಯೇಕವಾಗಿಯೇ ಇಟ್ಟುಕೊಂಡಿರುತ್ತಾರೆ.

ಉಂಗುರದ ಸುತ್ತು ಪ್ಲಾಟಿನಮಾಗಿದ್ದು ವಜ್ರವನ್ನು ಹಿಡಿದ ಮೇಲ್ಭಾಗ ಬಿಳಿಯ ಚಿನ್ನದ್ದಾಗಿರುವುದು, ಅಥವಾ ಇದರ ವಿಪರ್ಯಾಸ, ಅಪರೂಪವೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಲಾಟಿನಂ ಯುದ್ಧಸಾಮಗ್ರಿಯೆಂದು ಅಮೆರಿಕದ ಸರ್ಕಾರವು ಆಭರಣಗಳಿಗೆ ಅದರ ಬಳಕೆಯನ್ನು ನಿಷೇಧಿಸಿದಾಗ, ಅಲ್ಲಿನ ಉಂಗುರಗಳಿಗೆ ಆಸರೆಯಾದದ್ದು ಈ ಬಿಳಿಯ ಚಿನ್ನ. ನಿಕ್ಕಲನ್ನೋ ಪಲ್ಲೇಡಿಯಮನ್ನೋ ಬೆರೆಸಿ ಚಿನ್ನದ ಬಣ್ಣವನ್ನು ಎಷ್ಟು ತಗ್ಗಿಸಿದರೂ ಹಲವು ವೇಳೆ ನಸುಹಳದಿ ಉಳಿದೇ ಉಳಿಯುತ್ತದೆ. ಅದನ್ನು ಮುಚ್ಚಲೆಂದು ರೋಡಿಯಮಿನ ಮುಲಾಮನ್ನು ಕೊಡುತ್ತಾರೆ. ಪ್ಲಾಟಿನಂ ಅದುರಿನಲ್ಲಿ ರೋಡಿಯಮನ್ನು 1804ರಲ್ಲಿ ಕಂಡುಹಿಡಿದವನು ಇಂಗ್ಲೆಂಡಿನ ವಿಲಿಯಂ ಹೈಡ್ ವುಲಸ್ಟನ್. ಅದು ಪ್ಲಾಟಿನಮಿಗಿಂತಲೂ ಬೆಳ್ಳಗೆ ಹೊಳೆಯುವುದರಿಂದ, ಅಂಗಡಿಯವರು ಅಪ್ಪಟ ಪ್ಲಾಟಿನಮಿನ ಮೇಲೂ ಒಮ್ಮೊಮ್ಮೆ ಅದನ್ನು ಬಳಿದಿರುತ್ತಾರೆ. ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತಲೂ ತೆಳುವಾದ ಈ ಪದರ ಬೆರಳಿನ ಕಡೆ ಸವೆದು, ಸಂದಿಗಳಲ್ಲಿ ಉಳಿದು, ಉಂಗುರವು ತೇಪೆ ಹಾಕಿದಂತೆ ತೋರುತ್ತದೆ. ಬೇಡದ ಅಲಂಕಾರವೆಂದರೆ ಇದೇ.

ಉಂಗುರವನ್ನು ಮಂಕಾಗಿಸುವ ಮತ್ತೊಂದು ವಸ್ತು ಜಿಡ್ಡು. ಅದರ ಮಾತು ಬಂದಾಗ ಪ್ಯಾರಿಸ್ಸಿನ ಸಮೀಪದ ಸೆವ್ರದಲ್ಲಿ ಇಟ್ಟಿರುವ ಒಂದು ಸಿಲಿಂಡರನ್ನು ನೆನೆಯಬೇಕು. ನೂರಕ್ಕೆ 90 ಭಾಗ ಪ್ಲಾಟಿನಂ, 10 ಭಾಗ ಇರಿಡಿಯಂ ಸೇರಿದ ಈ ಸಿಲಿಂಡರು 1889ರಿಂದ 2019ರವರೆಗೆ ಜಗತ್ತಿನ ಕಿಲೋಗ್ರಾಮನ್ನು ತನ್ನ ಮೈಯಿಂದಲೇ ನಿರೂಪಿಸುತ್ತಿತ್ತು. ಅದರ ಪ್ರತಿರೂಪಗಳಲ್ಲೊಂದಾದ 57ನೆಯದು ನಮ್ಮ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಸೆವ್ರದ ಸಿಲಿಂಡರು ಯಾರೂ ಮುಟ್ಟದೆ, ಗಾಜಿನ ಗಂಟೆಗಳ ಕೆಳಗೆ ಕುಳಿತಿದ್ದರೂ, ಗಾಳಿಯಲ್ಲಿನ ಹೈಡ್ರೋಕಾರ್ಬನ್ನುಗಳ ಕಣಗಳು ಅದರ ಮೇಲೆ ಅಂಟುತ್ತಲೇ ಇದ್ದವು. ಆದುದರಿಂದ ತೂಗುವ ಮುನ್ನ ಆಲ್ಕೊಹಾಲು ಮತ್ತು ಈಥರಿನಲ್ಲಿ ನೆನೆಸಿದ ಮೆತ್ತನೆಯ ಚರ್ಮದಿಂದ ಅದನ್ನು ಒರೆಸಿ, ಶುದ್ಧವಾದ ಉಗಿಯಲ್ಲಿ ತೊಳೆಯಬೇಕಾಗುತ್ತಿತ್ತು. ಕಪಾಟಿನೊಳಗಣ ಪ್ಲಾಟಿನಮಿಗೇ ಈ ಅವಸ್ಥೆ.

ವಜ್ರವಾದರೋ ಜಿಡ್ಡಿಗೆ ಇನ್ನೂ ಹೆಚ್ಚಿನ ಬಂಧು. ನೀರನ್ನು ಹತ್ತಿಸಿಕೊಳ್ಳದ ಅದರ ಮೈ ಎಣ್ಣೆಯನ್ನು ಬಿಡದೆ ಹಿಡಿಯುತ್ತದೆ. ದಕ್ಷಿಣ ಆಫ್ರಿಕದ ಕಿಂಬರ್ಲಿಯಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಈ ಗುಣವನ್ನೇ ಉಪಾಯವಾಗಿಸಿ, ಪುಡಿಮಾಡಿದ ಶಿಲೆಯನ್ನು ನೀರಿನೊಡನೆ ಗ್ರೀಸು ಬಳಿದ ಮೇಜಿನ ಮೇಲೆ ಹರಿಯಿಸತೊಡಗಿದರು: ಕಲ್ಲುಗಳೆಲ್ಲ ಜಾರಿಹೋಗುತ್ತಿದ್ದವು, ವಜ್ರಗಳು ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತಿದ್ದವು. ನಮ್ಮ ಬೆರಳಿನ ಮೇಲೆ ನಡೆಯುವುದೂ ಅದೇ. ವಜ್ರದ ವಕ್ರೀಭವನಾಂಕ 2.42 ಆಗಿರುವುದರಿಂದ, ಅದರ ಬೆನ್ನಿನ ಮುಖಗಳಿಗೆ ಲಂಬದಿಂದ 24 ಡಿಗ್ರಿಗಿಂತ ತುಸು ಹೆಚ್ಚು ಓರೆಯಾಗಿ ಬಂದ ಕಿರಣವೂ ಹೊರಬೀಳದೆ ಪೂರ್ಣವಾಗಿ ಪ್ರತಿಫಲಿಸುತ್ತದೆ. ವಜ್ರದ ಕಾಂತಿಯೆಲ್ಲ ಈ ಸೆರೆವಾಸದಿಂದ ಬಂದದ್ದು. ಆ ಬೆನ್ನಿಗೆ ತೆಂಗಿನೆಣ್ಣೆಯ ಲೇಪ ಹತ್ತಿದರೆ ಈ ಮಿತಿ ಸುಮಾರು 37 ಡಿಗ್ರಿಗೆ ಏರುತ್ತದೆ, ನಡುವೆ ಬಂದ ಕಿರಣಗಳು ಹಿಂಬಾಗಿಲಿನಿಂದ ಸೋರಿಹೋಗುತ್ತವೆ. ಕಲ್ಲಿನ ಮೇಲ್ಮುಖವನ್ನು ಸೆರಗಿನಿಂದ ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಬೆಚ್ಚನೆಯ ಸೋಪಿನ ನೀರಿನಲ್ಲಿ ನೆನೆಸಿ, ಮೃದುವಾದ ಬ್ರಷ್ಷಿನಿಂದ ಕೆಳಗಡೆಯಿಂದ ತಿಕ್ಕಬೇಕು.

ಹೀಗೆ ತೊಳೆದ ಮೇಲೂ ಕಲ್ಲಿನ ಮುಖದಲ್ಲಿ ಹಾಲುಬಿಳುಪಿನ ಮಂಜು ಉಳಿದಿದ್ದರೆ, ರಿಪೇರಿಗೆ ಕೊಟ್ಟಾಗ ವಜ್ರವನ್ನು ಬಿಚ್ಚಿದ್ದರೇ ಎಂದು ವಿಚಾರಿಸುವುದು ಯುಕ್ತ. ಕೇವಲ ಇಂಗಾಲವಾದ ವಜ್ರವು ಗಾಳಿಯಲ್ಲಿ ಸುಮಾರು 700 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಸುಡತೊಡಗುತ್ತದೆ, ಪ್ಲಾಟಿನಮಿನ ಬೆಸುಗೆಗೆ ಅದಕ್ಕಿಂತ ಎಷ್ಟೋ ಹೆಚ್ಚಿನ ಶಾಖ ಬೇಕು. ಬೋರಿಕ್ ಆಮ್ಲದ ಲೇಪವನ್ನು ಕೊಟ್ಟು ಕಾಪಾಡುವ ಕ್ರಮ ಚಿನ್ನದ ಕೆಲಸಕ್ಕೆ ಸಾಕಾದೀತು; ಪ್ಲಾಟಿನಮಿನ ಕೆಲಸದಲ್ಲಿ ಕಲ್ಲನ್ನು ತೆಗೆದಿಡುವುದೇ ಕ್ಷೇಮ, ಇಲ್ಲವೆ ಶಾಖವು ಒಂದು ಬಿಂದುವಿನಾಚೆ ಹರಡದ ಲೇಸರ್ ಬೆಸುಗೆಯ ಮೊರೆಹೋಗಬೇಕು. ಸುಟ್ಟ ಮಂಜನ್ನು ಸೋಪಾಗಲಿ ಆಮ್ಲವಾಗಲಿ ತೆಗೆಯಲಾರದು; ಕಲ್ಲನ್ನು ಬಿಡಿಸಿ ಮತ್ತೆ ಸಾಣೆಗೆ ಕೊಟ್ಟು, ತೂಕದಲ್ಲಿ ಕಿಂಚಿತ್ ನಷ್ಟವನ್ನು ಒಪ್ಪಿಕೊಂಡು, ಹೊಸ ಮುಖವನ್ನು ಕಡೆಯಿಸಬೇಕಾಗುತ್ತದೆ.