ಮೊಲ ಮೇವು ಬಿಟ್ಟಾಗ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂದು ಹಟ ಹಿಡಿಯುವವರನ್ನು ಕಂಡು ಲೋಕ ನಗುತ್ತದೆ. ತಾನು ಸಾಕಿದ ಮೊಲಕ್ಕೆ ಏನೂ ಆಗಿಲ್ಲವೆಂದು ನಂಬಿ ಕೂಡುವವರ ಹಟ ಮಾತ್ರ ನಗೆಯ ವಿಷಯವಲ್ಲ. ಒಂದೇ ರಾತ್ರಿಯಲ್ಲಿ ಅದು ಪ್ರಾಣಕ್ಕೆ ಎರವಾಗಬಹುದು.

ಶಾಲೆಯಿಂದ ಬಂದ ಮಗು ಗೂಡಿನ ಬಾಗಿಲು ತೆರೆದು ಕೊತ್ತಂಬರಿ ಸೊಪ್ಪನ್ನು ಒಡ್ಡುತ್ತದೆ. ದಿನವೂ ಕುಪ್ಪಳಿಸಿ ಬರುತ್ತಿದ್ದ ಮೊಲ ಇಂದು ಮೂಲೆಯಲ್ಲಿ ಮುದುಡಿ ಕುಳಿತಿದೆ.

"ಅಮ್ಮಾ, ಮೊಲ ಏನೂ ತಿನ್ನುತ್ತಿಲ್ಲ."

"ಹಸಿವಿಲ್ಲವೇನೋ, ಬೆಳಿಗ್ಗೆ ನೋಡೋಣ ಬಿಡು."

ದೊಡ್ಡ ನಾಯಿಯೊಂದು ಒಂದು ಹೊತ್ತು ಅನ್ನ ಬಿಟ್ಟರೆ ಈ ಉತ್ತರ ನಡೆದೀತು. ಮೊಲದ ವಿಷಯದಲ್ಲಿ ನಡೆಯದು.

ಮೊಲ ಇತರ ಪ್ರಾಣಿಗಳ ಬೇಟೆಗೆ ಗುರಿಯಾಗುವ ಜೀವಿ. ದೌರ್ಬಲ್ಯವನ್ನು ತೋರಿದರೆ ಶತ್ರುವಿನ ಕಣ್ಣಿಗೆ ಬೀಳಬೇಕಾದೀತು. ಆದುದರಿಂದ ನೋವಾದರೂ ಅದು ಸಾಮಾನ್ಯವಾಗಿ ಕೂಗುವುದಿಲ್ಲ, ಸುಮ್ಮನಾಗಿಬಿಡುತ್ತದೆ. ಅದರ ಕರುಳಾದರೋ ಬೀಸುಕಲ್ಲಿನಂತೆ. ನಾರುಳ್ಳ ಮೇವು ಬೀಳುತ್ತಿದ್ದರೇ ಅದು ಓಡುವುದು. ಮೇವು ನಿಂತೊಡನೆ ಕರುಳಿನ ಚಲನೆ ಮಂದವಾಗಿ, ಒಳಗಿನ ಆಹಾರ ಒಣಗಿ, ವಾಯು ತುಂಬುತ್ತದೆ. ಆ ನೋವಿನಿಂದ ಮೊಲ ಮತ್ತಷ್ಟು ಮೇವು ಬಿಡುತ್ತದೆ. ವಾಂತಿ ಮಾಡಿ ಹಗುರಾಗುವ ಶಕ್ತಿಯನ್ನೂ ಪ್ರಕೃತಿ ಅದಕ್ಕೆ ಕೊಟ್ಟಿಲ್ಲ.

ಹತ್ತು ಹನ್ನೆರಡು ಗಂಟೆಗಳ ಕಾಲ ಮೊಲ ತಿನ್ನದಿದ್ದರೆ, ಅಥವಾ ಹಿಕ್ಕೆ ಹಾಕದಿದ್ದರೆ, ಅದನ್ನು ತುರ್ತು ಸ್ಥಿತಿಯೆಂದೇ ಭಾವಿಸಬೇಕು. ಹಿಕ್ಕೆ ಸಣ್ಣದಾಗುವುದು, ಹಲ್ಲು ಕಡಿಯುವುದು, ಕಿವಿ ತಣ್ಣಗಾಗುವುದು ಇದರ ಮುನ್ಸೂಚನೆಗಳು. ಆರೋಗ್ಯವಂತ ಮೊಲದ ದೇಹದ ಉಷ್ಣ ಸುಮಾರು 38.5ರಿಂದ 39.5 ಡಿಗ್ರಿ ಸೆಲ್ಸಿಯಸ್. ಮೈ ತಣ್ಣಗಾಗಿದ್ದರೆ ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು, ಒಡನೆಯೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಬಾಯಿಗೆ ಬಲವಂತವಾಗಿ ಏನನ್ನೂ ಹಾಕಕೂಡದು, ಕರುಳು ಕಟ್ಟಿಕೊಂಡಿರಬಹುದು. ಎತ್ತುವಾಗ ಹಿಂಗಾಲುಗಳಿಗೆ ಆಸರೆ ಕೊಡಬೇಕು. ಕಿವಿ ಹಿಡಿದೆತ್ತುವ ರೂಢಿ ಕ್ರೂರವಾದುದು. ಒದೆದಾಡಿದರೆ ಬೆನ್ನೆಲುಬೇ ಮುರಿದೀತು.

ಬೇಸಿಗೆಯ ಸಂಕಟ ಇನ್ನೊಂದು ಬಗೆಯದು. ಸಾಕುಮೊಲ ನಮ್ಮ ಹೊಲಗಳಲ್ಲಿ ಓಡಾಡುವ ಮೊಲದ ಸಂತತಿಯಲ್ಲ. ಸ್ಪೇನ್, ಪೋರ್ಚುಗಲ್ ಕಡೆಯ ಬಿಲವಾಸಿ ಮೊಲದ ವಂಶದ್ದು. ಬೆವರಿ ತಣಿಯಲಾರದ ಅದಕ್ಕೆ ಶಾಖವನ್ನು ಹೊರಹಾಕಲು ಕಿವಿಗಳೇ ಮುಖ್ಯ ಆಧಾರ. ರಾಯಚೂರು, ಕಲಬುರಗಿಗಳ ಬಿಸಿಲಿರಲಿ, 30 ಡಿಗ್ರಿ ದಾಟಿದರೇ ಅಪಾಯ. ಏದುಸಿರು ಬಿಡುತ್ತ ಜೊಲ್ಲು ಸುರಿಸಿದರೆ ನೆರಳಿಗೆ ತಂದು, ತಂಪಾದ ನೀರಿನಿಂದ ಕಿವಿಗಳನ್ನು ಒದ್ದೆ ಮಾಡಿ ವೈದ್ಯರಲ್ಲಿಗೆ ಧಾವಿಸಬೇಕು. ಐಸಿನ ನೀರಿನಲ್ಲಿ ಮುಳುಗಿಸುವುದು ಉಪಕಾರವಲ್ಲ, ಅಪಕಾರ.

ಮನೆಯ ಔಷಧದ ಪೆಟ್ಟಿಗೆಯನ್ನು ನಂಬುವುದೂ ಅಷ್ಟೇ ಅಪಾಯಕರ. ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಮೊಲದ ಹೊಟ್ಟೆಗೆ ಹೋದರೆ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಸಾವೇ ಸಂಭವಿಸಬಹುದು. ನಾಯಿಯ ಚಿಗಟಕ್ಕೆ ಹಚ್ಚುವ ಫಿಪ್ರೊನಿಲ್ ಕೂಡ ಮೊಲಕ್ಕೆ ವಿಷ.

ಇಷ್ಟೆಲ್ಲ ಅನಾಹುತಕ್ಕೆ ಎಷ್ಟೋ ಸಲ ಕಾರಣವಾಗುವುದು ಮೇವಿನ ತಪ್ಪು. ಚಿತ್ರಪುಸ್ತಕದ ಮೊಲ ಗಜ್ಜರಿಯನ್ನೇ ತಿಂದು ಬದುಕುತ್ತದೆ. ಗೂಡಿನ ಮೊಲ ಹಾಗೆ ಬದುಕಲಾರದು. ಅದರ ಮುಂಬಲ್ಲುಗಳು ವರ್ಷಕ್ಕೆ ಸುಮಾರು 10 ಸೆಂಟಿಮೀಟರ್ ಬೆಳೆಯುತ್ತವೆ. ದವಡೆಹಲ್ಲುಗಳೂ ನಿಲ್ಲದೆ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲನ್ನು ಅರೆದು ಸವೆಸದಿದ್ದರೆ ದವಡೆಹಲ್ಲಿನ ಮೊನೆ ನಾಲಗೆಯನ್ನೇ ಕೊರೆಯುತ್ತದೆ. ಆದುದರಿಂದ ಮೇವಿನ ಬಹುಭಾಗ ಒಣಹುಲ್ಲಾಗಿರಬೇಕು. ಗಜ್ಜರಿ ಹಬ್ಬದ ಸಿಹಿಯಂತೆ ಅಪರೂಪಕ್ಕೆ ಸಾಕು.

ಮೊಲವನ್ನು ಮನೆಗೆ ತರುವ ಮೊದಲೇ, ಮೊಲದ ಚಿಕಿತ್ಸೆ ಬಲ್ಲ ವೈದ್ಯರ ವಿಳಾಸವನ್ನು ವಿಚಾರಿಸಿಟ್ಟುಕೊಳ್ಳುವುದು ವಿವೇಕ. ನಿತ್ಯವೂ ಗೂಡಿನಲ್ಲಿ ಹಿಕ್ಕೆ ಬಿದ್ದಿದೆಯೇ ಎಂದು ನೋಡುವ ಕೆಲಸವನ್ನು ಮಗುವಿಗೇ ವಹಿಸಬಹುದು. ಸಂಜೆ ಆ ಮಗು ಬಂದು "ಮೊಲ ತಿನ್ನುತ್ತಿಲ್ಲ" ಎಂದಾಗ, ದೊಡ್ಡವರು ಬೆಳಗಾಗುವುದನ್ನು ಕಾಯದೆ ಎದ್ದು ನಿಂತರೆ ಆ ಮೂಕಜೀವ ಉಳಿದೀತು.