ಕರಿಕಲ್ಲಿನ ಸಂದಿಯಲ್ಲಿ ಪುಣೆಯ ನೀರು

ಮಳೆಗಾಲದಲ್ಲಿ ಪುಣೆಯಿಂದ ಕಾತ್ರಜ್ ಘಾಟಿ ಹತ್ತುವವರು ರಸ್ತೆಗಾಗಿ ಕಡಿದ ಗುಡ್ಡದ ಮೈಯನ್ನೊಮ್ಮೆ ನೋಡಬೇಕು. ಕಲ್ಲು ಪದರಪದರವಾಗಿ ಕಾಣುತ್ತದೆ. ಮಳೆ ನಿಂತ ಮೇಲೂ ಎರಡು ಪದರಗಳ ನಡುವಿನ ಗೆರೆಯಗುಂಟ ನೀರು ಜಿನುಗುತ್ತಿರುತ್ತದೆ. ಅಲ್ಲೇ ಪಾಚಿ, ಅಲ್ಲೇ ಜರಿಗಿಡ. ಮೇಲಿನ ಗಟ್ಟಿ ಕಲ್ಲು ಮಾತ್ರ ಆಗಲೇ ಒಣಗಿರುತ್ತದೆ. ನೆಲದಡಿಯ ನೀರು ಹೊರಗೆ ಮುಖ ತೋರಿಸುವ ಜಾಗ ಅದು.

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಉಕ್ಕಿದ ಲಾವಾ ಒಂದರ ಮೇಲೊಂದು ಹರಿದು ಚಿರೋಟಿಯ ಎಸಳಿನಂತೆ ಕೂತದ್ದೇ ಈ ನಾಡು. ಮಹಾರಾಷ್ಟ್ರದ ಬಹುಪಾಲು ಇದೇ ಕರಿಕಲ್ಲು, ಬಸಾಲ್ಟ್. ನಮ್ಮ ವಿಜಯಪುರ, ಕಲಬುರಗಿಗಳ ಕೆಳಗೂ ಇದು ಚಾಚಿದೆ. ಪ್ರತಿ ಪದರದ ನಡುಭಾಗ ಬಿಗಿ, ಮೇಲ್ಭಾಗ ಗಾಳಿಗುಳ್ಳೆಗಳಿಂದ ತೂತುತೂತು. ತೂತು ಕಂಡರೆ ನೀರಿದೆ ಎನ್ನುವಂತಿಲ್ಲ. ಒಂದು ತೂತಿಗೂ ಇನ್ನೊಂದಕ್ಕೂ ದಾರಿಯಿಲ್ಲ. ಎಷ್ಟೋ ತೂತುಗಳಲ್ಲಿ ಜಿಯೋಲೈಟ್‌ನಂಥ ಖನಿಜಗಳು ತುಂಬಿಕೊಂಡಿವೆ. ಪುಣೆ ಪಕ್ಕದ ವಾಘೋಲಿಯ ಕ್ವಾರಿಗಳಲ್ಲಿ ಸಿಕ್ಕ ಕಡುನೀಲಿ ಕ್ಯಾವನ್ಸೈಟ್ ಹರಳುಗಳಿಗೆ ಜಗತ್ತಿನ ಖನಿಜಪ್ರಿಯರು ಮುಗಿಬೀಳುತ್ತಾರೆ. ನೋಡಲು ಚೆಂದ, ಬಾವಿಗೆ ಪ್ರಯೋಜನವಿಲ್ಲ.

ನೀರು ನಿಲ್ಲುವುದೂ ಸಾಗುವುದೂ ಬಿರುಕುಗಳಲ್ಲಿ, ಮೇಲ್ಪದರದ ಶಿಥಿಲ ಕಲ್ಲಿನಲ್ಲಿ. ಪದರಗಳ ನಡುವೆ ಅಲ್ಲಲ್ಲಿ ಸಿಗುವ ಕೆಂಪು ಜೇಡಿಯಂಥ ಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡುವುದಿಲ್ಲ. ಆಗ ಅದು ಅಡ್ಡಡ್ಡ ಹರಿದು ಗುಡ್ಡದ ಮಗ್ಗುಲಲ್ಲಿ ಒರತೆಯಾಗುತ್ತದೆ. ಎರೆಮಣ್ಣಿನದು ಬೇರೆಯೇ ಸ್ವಭಾವ: ಬೇಕಾದಷ್ಟು ಕುಡಿಯುತ್ತದೆ, ಬಾವಿಗೆ ಬಿಟ್ಟುಕೊಡುವುದು ಅಷ್ಟಕ್ಕಷ್ಟೆ. ಗಂಗಾ ಬಯಲಿನ ಮರಳು ಧಾರಾಳಿ, ಬಸಾಲ್ಟ್ ಹಾಗಲ್ಲ. ಅದರಲ್ಲಿ ನೀರಿರುವ ಪದರವನ್ನೇ ಬಸಿದರೂ ಒಂದು ಘನ ಮೀಟರಿಗೆ ಸಾಮಾನ್ಯವಾಗಿ 10ರಿಂದ 30 ಲೀಟರ್ ಸಿಕ್ಕರೆ ಹೆಚ್ಚು. ಆದರೂ ನೆಲದಡಿ ನದಿ ಹರಿಯುತ್ತಿದೆ ಎಂದು ತೆಂಗಿನಕಾಯಿ ಹಿಡಿದು ಹೇಳುವವರು ಪುಣೆಯಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ.

ಹದಿನೆಂಟನೇ ಶತಮಾನದ ನಡುಭಾಗದಲ್ಲಿ ನಾನಾಸಾಹೇಬ ಪೇಶ್ವೆ ಪುಣೆಗೆ ನೀರು ತಂದದ್ದು ಕಾತ್ರಜ್ ಕೆರೆಯಿಂದ, ನೆಲದಡಿಯ ಕಾಲುವೆಯಲ್ಲಿ. ಇಂದಿನ ಪುಣೆಗೆ ಖಡಕ್‌ವಾಸ್ಲಾ ಅಣೆಕಟ್ಟಿನ ನೀರಿದೆ. ನಲ್ಲಿ ತಲುಪದ ಹೊಸ ಬಡಾವಣೆಗಳಿಗೆ ಟ್ಯಾಂಕರ್, ಇಲ್ಲವೇ ಬೋರ್.

ಬೋರ್ ಆಳವಾದಷ್ಟೂ ನೀರು ಹೆಚ್ಚು ಎಂಬ ನಂಬಿಕೆ ಇಲ್ಲಿ ದುಬಾರಿ. ಕೆಳಗಿಳಿದಂತೆ ಬಿರುಕುಗಳು ವಿರಳವಾಗುತ್ತವೆ. ಅದಕ್ಕಿಂತ ಕೆಟ್ಟದ್ದೆಂದರೆ, ಆಳದ ಬೋರು ಬೇರೆ ಬೇರೆಯಾಗಿದ್ದ ಪದರಗಳನ್ನು ಒಂದಕ್ಕೊಂದು ಜೋಡಿಸಿ ಮೇಲಿನ ನೀರನ್ನು ಕೆಳಕ್ಕೆ ಸೋರಿಸುತ್ತದೆ. ಪಕ್ಕದವರ ತೆರೆದ ಬಾವಿ ಬತ್ತುತ್ತದೆ. ಮಹಾರಾಷ್ಟ್ರದ 2009ರ ಅಂತರ್ಜಲ ಕಾಯ್ದೆ 60 ಮೀಟರ್ ಮತ್ತು ಅದಕ್ಕೂ ಆಳದ ಬಾವಿಗಳನ್ನು ಬೇರೆಯಾಗಿಯೇ ಗುರುತಿಸಿರುವುದು ಸುಮ್ಮನಲ್ಲ. ನನ್ನನ್ನು ಹೆಚ್ಚು ಕಾಡುವುದು ಮಾತ್ರ ಬೇಸ್‌ಮೆಂಟ್. ಎರಡು-ಮೂರು ಅಂತಸ್ತಿನ ಪಾರ್ಕಿಂಗ್‌ಗೆ ನಾವು ಅಗೆದೆಸೆಯುವುದು ನೀರು ಹಿಡಿದಿಡುವ ಆ ಶಿಥಿಲ ಪದರವನ್ನೇ. ಗುಂಡಿಗೆ ಜಿನುಗಿದ ನೀರನ್ನು ಪಂಪ್ ಹಗಲೂ ರಾತ್ರಿ ಚರಂಡಿಗೆ ಸುರಿಯುತ್ತದೆ. ಅದೇ ಕಟ್ಟಡದ ಸೊಸೈಟಿ ಬೇಸಿಗೆಯಲ್ಲಿ ಟ್ಯಾಂಕರ್ ತರಿಸುತ್ತದೆ.

ಪುಣೆಯ ಅಕ್ವಾಡ್ಯಾಮ್ ಸಂಸ್ಥೆ, ಭೂವಿಜ್ಞಾನಿ ಹಿಮಾಂಶು ಕುಲಕರ್ಣಿ ಮೊದಲಾದವರು ನೆಲದಡಿಯ ಪದರಗಳ ನಕ್ಷೆ ಮೊದಲು ಬೇಕು ಎನ್ನುವುದು ಇದಕ್ಕೇ. ಇಂಗುಗುಂಡಿಯ ಲೆಕ್ಕವೂ ಹಾಗೆಯೇ. ಬಿರುಕು ಬಿಟ್ಟ ಕಲ್ಲಿನ ಮೇಲೆ ತೋಡಿದರೆ ನೀರು ಇಳಿಯುತ್ತದೆ. ಗಟ್ಟಿ ಕಲ್ಲಿನ ಮೇಲೆ ತೋಡಿದರೆ ಸೊಳ್ಳೆ ಸಾಕಿದಂತಾಗುತ್ತದೆ, ಫೈಲಿನಲ್ಲಿ ಮಾತ್ರ ಮಳೆಕೊಯ್ಲು ಪೂರ್ತಿ.