ಆಫರ್ ಲೆಟರ್ ನಿಮಗೆ, ಕಾಯುವ ಸರದಿ ನಾಯಿಗೆ!

ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ನಮ್ಮ ಭಾಗದ ಬೇಟೆನಾಯಿಗಳ ಜೋಡಿಯನ್ನು ಕಾಣಿಕೆ ಕೊಟ್ಟ ಕಥೆಯನ್ನು ಇಲ್ಲಿ ಕೇಳದವರು ಕಡಿಮೆ. ಅದೇ ತಳಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಸೇನೆಯ ತರಬೇತಿಗೆಂದು ಮೀರತ್‌ಗೂ ಹೋಯಿತು. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಹುಡುಗ ಹುಡುಗಿಯರು ಓದಿಗೋ ನೌಕರಿಗೋ ವಿದೇಶಕ್ಕೆ ಹೊರಟಾಗ ಮನೆಯ ನಾಯಿಯನ್ನು ಜತೆಗೆ ಒಯ್ಯುವುದು ಅಷ್ಟು ಸಲೀಸಲ್ಲ.

ನನ್ನ ಗೆಳತಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಸೇರಲು ಇದ್ದದ್ದು ಎರಡೇ ತಿಂಗಳು. ‘ನಾ ಇಲ್ದಿದ್ರ ಇದು ಉಣ್ಣೂದಿಲ್ಲವ್ವಾ, ಕರ್ಕೊಂಡ ಹೋಗ್ತೀನಿ’ ಎಂದು ಅವ್ವನ ಮುಂದೆ ಹಠ ಹಿಡಿದಳು. ಕ್ಯಾಲೆಂಡರ್ ಹಿಡಿದು ಎಣಿಸಿದರೆ ನಾಯಿಗೆ ಕನಿಷ್ಠ ನಾಲ್ಕು ತಿಂಗಳು ಬೇಕಿತ್ತು!

ಲೆಕ್ಕ ಹೀಗಿದೆ. ಮೊದಲು ಚರ್ಮದಡಿ 15 ಅಂಕಿಯ ಮೈಕ್ರೋಚಿಪ್. ನಂತರವೇ ರೇಬೀಸ್ ಲಸಿಕೆ. ಚಿಪ್‌ಗಿಂತ ಮೊದಲು ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಮರಿಯಾದರೆ ಲಸಿಕೆಗೆ 12 ವಾರ ತುಂಬಿರಬೇಕು. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತದ ಮಾದರಿ ತೆಗೆದು, ಐರೋಪ್ಯ ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರೇಬೀಸ್ ವಿರುದ್ಧದ ಶಕ್ತಿ ಮಿಲಿಲೀಟರಿಗೆ 0.5 ಐಯು ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಅಷ್ಟಾದರೂ ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಲೇಬೇಕು. ಕೊನೆಗೆ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಆರೋಗ್ಯ ಪ್ರಮಾಣಪತ್ರ. ಅದು ಕೊಟ್ಟ ಹತ್ತು ದಿನದೊಳಗೆ ನಾಯಿ ಯುರೋಪ್ ತಲುಪಬೇಕು. ಈ ಕಚೇರಿಗಳಲ್ಲಿ ನಮಗೆ ಅನುಕೂಲವಾದವು ಬೆಂಗಳೂರು, ಮುಂಬೈ, ಹೈದರಾಬಾದ್‌ನವು.

‘ನೀ ಮುಂದ ಹೋಗವಾ, ಆಮ್ಯಾಲ ನಾಯಿ ಕಳಸ್ತೀನಿ’ ಎಂದರು ಅವಳ ಕಾಕಾ. ಅಲ್ಲೂ ಒಂದು ತೊಡಕು. ಯಜಮಾನರ ಪ್ರಯಾಣಕ್ಕೂ ನಾಯಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅದನ್ನು ವ್ಯಾಪಾರದ ಸಾಗಣೆ ಎಂದೇ ನೋಡುತ್ತಾರೆ, ನಿಯಮಗಳೂ ಬೇರೆ. ಸಮಾಧಾನದ ಸಂಗತಿಯೆಂದರೆ, ಲಸಿಕೆಯ ಬೂಸ್ಟರ್ ಒಂದು ದಿನವೂ ತಪ್ಪದಿದ್ದರೆ ಒಮ್ಮೆ ಮಾಡಿಸಿದ ರಕ್ತಪರೀಕ್ಷೆ ಮತ್ತೆ ಬೇಕಿಲ್ಲ. ಅವಳ ತಮ್ಮ ಆ ಜವಾಬ್ದಾರಿ ಹೊತ್ತ. ಮರುವರ್ಷ ರಜೆಗೆ ಬಂದಾಗ ಅವಳು ನಾಯಿಯನ್ನು ತಾನೇ ಕರೆದೊಯ್ದಳು.

ದೇಶ ಬದಲಾದರೆ ನಿಯಮವೂ ಬದಲು. ಅಮೆರಿಕಕ್ಕೆ 2024ರ ಆಗಸ್ಟ್‌ನಿಂದ ಆರು ತಿಂಗಳು ತುಂಬದ ನಾಯಿಗೆ ಪ್ರವೇಶವಿಲ್ಲ. ಭಾರತ ಅವರ ರೇಬೀಸ್ ಅಪಾಯದ ಪಟ್ಟಿಯಲ್ಲಿರುವುದರಿಂದ ನಮಗೆ ಹೆಚ್ಚಿನ ಕಾಗದಪತ್ರ ಬೇಕು. ಬ್ರಿಟನ್‌ಗಾದರೆ ತಲುಪುವ ಒಂದರಿಂದ ಐದು ದಿನ ಮೊದಲು ಲಾಡಿಹುಳುವಿನ ಔಷಧಿ ಕೊಡಿಸಿ, ವೈದ್ಯರಿಂದ ದಾಖಲೆ ಮಾಡಿಸಿರಬೇಕು. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ನಾಯಿಯನ್ನು ಬಿಟ್ಟುಕೊಳ್ಳುವುದೇ ಇಲ್ಲ.

ಮುಧೋಳ ನಾಯಿಗೆ ಇನ್ನೂ ಕೆಲವು ಮಾತು. ಎತ್ತರದ ಈ ನಾಯಿ ಸೀಟಿನ ಕೆಳಗೆ ಹಿಡಿಸುವುದಿಲ್ಲ, ಕಾರ್ಗೋದಲ್ಲೇ ಹೋಗಬೇಕು. ನಿಂತರೆ ತಲೆ ತಾಗದ, ಸುತ್ತ ತಿರುಗಲು, ಕಾಲು ಚಾಚಿ ಮಲಗಲು ಜಾಗವಿರುವ ಪೆಟ್ಟಿಗೆ ಬೇಕು. ಕೆಲವು ವಾರ ಮೊದಲೇ ಅದನ್ನು ಮನೆಗೆ ತಂದು, ಒಳಗೇ ಊಟ ಹಾಕಿ, ಒಳಗೇ ಮಲಗಿಸಿ ರೂಢಿ ಮಾಡಿಸಿ. ಮಂಪರಿನ ಗುಳಿಗೆ ಮಾತ್ರ ಬೇಡವೇ ಬೇಡ. ಕೊಬ್ಬಿಲ್ಲದ ಮೈಯ ಈ ಬಗೆಯ ಬೇಟೆನಾಯಿಗಳಿಗೆ ಕೆಲವು ಮತ್ತಿನ ಔಷಧಿಗಳು ಬೇಗ ಇಳಿಯುವುದಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ಈ ತಳಿಯ ಹೆಸರು ‘ಕ್ಯಾರವಾನ್ ಹೌಂಡ್’. ಎಲ್ಲ ಕಾಗದದಲ್ಲೂ ತಳಿಯ ಹೆಸರು ಒಂದೇ ಇರಲಿ.

ಒಯ್ಯಲೇಬೇಕೇ ಎಂಬುದನ್ನೂ ಕೇಳಿಕೊಳ್ಳಿ. ಕಬ್ಬಿನ ಹೊಲದ ಬದುವಿನಲ್ಲಿ ಮೊಲದ ಬೆನ್ನಟ್ಟಿದ ನಾಯಿ, ದಿನಕ್ಕೆ ಹತ್ತು ತಾಸು ಬೀಗ ಹಾಕಿದ ಫ್ಲ್ಯಾಟಿನಲ್ಲಿ ಸುಖವಾಗಿದ್ದೀತೇ? ತೆಳು ಕೂದಲಿನ ಅದಕ್ಕೆ ಹಿಮದ ಚಳಿ ತಡೆದೀತೇ? ನೋಡಿಕೊಳ್ಳುವ ಅಜ್ಜ ಊರಿನಲ್ಲಿದ್ದರೆ ಅಲ್ಲೇ ಬಿಡುವುದೂ ಪ್ರೀತಿಯೇ.

ಒಯ್ಯುವುದೇ ಖಚಿತವಾದರೆ ಆಫರ್ ಲೆಟರ್‌ಗೆ ಕಾಯಬೇಡಿ. ನೀವು ಮೊದಲ ಅರ್ಜಿ ಹಾಕಿದ ವಾರವೇ ನಾಯಿಯನ್ನು ಪಶುವೈದ್ಯರ ಬಳಿ ಕರೆದೊಯ್ದು ಚಿಪ್ ಹಾಕಿಸಿ. ಕೆಲಸ ಸಿಗದಿದ್ದರೂ ನಷ್ಟವೇನಿಲ್ಲ. ನಾಯಿ ಕಳೆದುಹೋದರೆ ಗುರುತು ಹಿಡಿಯಲು ಚಿಪ್ ಇರುತ್ತದೆ, ರೇಬೀಸ್ ಲಸಿಕೆಯಂತೂ ಹೇಗೂ ಬೇಕೇ ಬೇಕು.